ಅಕ್ಕನ ಉಷ್ಣ

ಗೇಟ್ ನಂಬರ್ ಹದಿನೇಳು
9 ಏಪ್ರಿಲ್ 1993

ಪೀಚು,

ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ಹೀಗೆ ಕರೆಯಬಾರದು ಎಂದು ಗೊತ್ತು. ಆದರೆ ಒಂಬತ್ತು ವರ್ಷದವನು ಈ ಕ್ಯಾಬಿನ್ನಿನ ಮರದ ಪೆಟ್ಟಿಗೆಯ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದಾಗ ನೀನು ಪೀಚು, ಈಗ ಬಿಳಿ ಕೋಟು ಹಾಕಿಕೊಂಡರೂ ಪೀಚೇ. ಕೆಲಸಕ್ಕೆ ಸೇರಿದ ಸುದ್ದಿ ಓದಿ ಆ ದಿನ ಎಲ್ಲ ರೈಲಿಗೂ ಸ್ವಲ್ಪ ಜೋರಾಗಿಯೇ ಹಸಿರು ಬಾವುಟ ಬೀಸಿದೆ. ಅಪ್ಪನ ಬಾವುಟವನ್ನು ಹತ್ತೊಂಬತ್ತನೇ ವಯಸ್ಸಿಗೆ ಹಿಡಿದೆ, ಹಿಡಿದು ಹತ್ತೊಂಬತ್ತು ವರ್ಷ ಆಯಿತು. ಲೆಕ್ಕ ಸರಿಹೋಯಿತು ನೋಡು.

ಇಲ್ಲಿಯ ವಿಶೇಷವೆಂದರೆ ಹಳಿಯ ಆಚೆ ಪೊದೆ ಇತ್ತಲ್ಲ, ಅದನ್ನು ಸವರಿ ಮೂರಂತಸ್ತಿನ ಮನೆ ಎಬ್ಬಿಸುತ್ತಿದ್ದಾರೆ. ಈಚೆಯ ಪೊದೆ ಹೋದ ವರ್ಷವೇ ಹೋಯಿತು. ಈಗ ನನ್ನ ಕ್ಯಾಬಿನ್ನಿನ ಸುತ್ತ ಎತ್ತ ನೋಡಿದರೂ ಕಿಟಕಿಗಳೇ. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಒಂದು ಕೋಳಿಗೂ ಮರೆಯಿಲ್ಲ. ಹಾಗಾಗಿ ನೀರಿನ ಹೂಜಿಯನ್ನು ಬೋರಲು ಹಾಕಿಟ್ಟಿದ್ದೇನೆ. ಕುಡಿದರೆ ತಾನೇ ತಾಪತ್ರಯ?

ಎರಡು ವಾರದಿಂದ ಉಷ್ಣ ವಿಪರೀತ ಆಗಿದೆ ಕಣೋ. ಕೂತರೂ ಹಿಂಸೆ, ನಿಂತರೂ ಹಿಂಸೆ. ಸೊಂಟ ಬೇರೆ ಹಿಡಿದುಕೊಂಡಿದೆ. ಗೇಟು ಇಳಿಸಲು ಚಕ್ರವನ್ನು ಇಪ್ಪತ್ತಮೂರು ಸುತ್ತು ತಿರುಗಿಸಬೇಕಲ್ಲ, ಹದಿನೈದನೇ ಸುತ್ತಿಗೆ ಬಲಗಡೆ ಪಕ್ಕೆಯ ಕೆಳಗೆ ಯಾರೋ ಗುದ್ದಿದ ಹಾಗಾಗುತ್ತದೆ. ಇದಕ್ಕಿಂತ ಬಿಡಿಸಿ ಬರೆಯಲಾರೆ. ಡಾಕ್ಟರಲ್ಲವೇ, ನಿನಗೆ ತಿಳಿಯುತ್ತದೆ.

ನಿನ್ನ ಅಕ್ಕ


ಆಸ್ಪತ್ರೆಯ ವಸತಿಗೃಹ
24 ಏಪ್ರಿಲ್ 1993

ಅಕ್ಕ,

ಪೀಚು ಎಂದೇ ಕರಿ. ಆದರೆ ಲಕೋಟೆಯ ಮೇಲೆ ಬರೆಯಬೇಡ, ನರ್ಸುಗಳು ಓದುತ್ತಾರೆ.

ತಗಡಿನ ಛಾವಣಿಯ ಕೆಳಗೆ ಹನ್ನೆರಡು ಗಂಟೆ ಕೂತರೆ ಉಷ್ಣವಾಗದೆ ಇನ್ನೇನಾಗುತ್ತದೆ? ಛಾವಣಿಗೆ ಎರಡು ಕೈ ಸುಣ್ಣ ಬಳಿಸು. ಬಿಸಿಲು ಹಿಂದಕ್ಕೆ ಹೋಗುತ್ತದೆ, ಒಳಗೆ ತಂಪಾಗುತ್ತದೆ. ಇಲ್ಲಿ ನಮ್ಮ ವಾರ್ಡಿನಲ್ಲೂ ಅದನ್ನೇ ಮಾಡಿಸಿದೆವು. ಸೊಂಟದ ನೋವು ಚಕ್ರ ತಿರುಗಿಸಿಯೇ ಬಂದದ್ದು. ಹತ್ತು ಪಟ್ಟಿ ನೋವಿನ ಮಾತ್ರೆ ಕಳಿಸಿದ್ದೇನೆ, ಊಟವಾದ ಮೇಲೆ ಬೆಳಗ್ಗೆ ಒಂದು, ಸಂಜೆ ಒಂದು. ಮುಗಿಯುವ ಮುಂಚೆಯೇ ಬರೆ, ಇನ್ನಷ್ಟು ಕಳಿಸುತ್ತೇನೆ.

ಇಲ್ಲಿ ಎಲ್ಲರೂ ಕೇಳುವುದು ಒಂದೇ, "ನೀವು ಯಾವುದರ ಡಾಕ್ಟ್ರು?" ಎಂದು. ಕಣ್ಣಿನವನಲ್ಲ, ಮೂಳೆಯವನಲ್ಲ, ಕತ್ತಿ ಹಿಡಿಯುವವನೂ ಅಲ್ಲ. ಒಳಗಿನ ಕಾಯಿಲೆಗಳ ಡಾಕ್ಟರು ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಈಗೀಗ "ನೀವು ಹೇಳೋದನ್ನ ಕೇಳೋ ಡಾಕ್ಟ್ರು" ಎನ್ನುತ್ತೇನೆ. ಮುಖ ಅರಳಿಸುತ್ತಾರೆ.

ಪೀಚು


2 ಜುಲೈ 1993

ಪೀಚು,

ನೀನು ಹೇಳಿದಂತೆ ಸುಣ್ಣ ಬಳಿದೆ. ಕೆಲಸದವರು ಕೈಕೊಟ್ಟರು, ನಾನೇ ಏಣಿ ಹತ್ತಿದೆ. ತಪಾಸಣೆಗೆ ಬಂದ ಮೇಲ್ವಿಚಾರಕರು ಕೆಳಗೆ ನಿಂತು, "ಏನಮ್ಮಾ, ನಿನ್ನ ಗೇಟಿಗೆ ಮದುವೆ ಗೊತ್ತಾಯ್ತಾ?" ಎಂದರು. "ಗಂಡು ಸಿಕ್ಕಿಲ್ಲ ಸಾರ್, ಬಣ್ಣ ಅಂತೂ ಆಗ್ಲಿ ಅಂತ" ಎಂದೆ.

ಆಮೇಲೆ ಮಳೆ ಹೊಡೆದು ಸುಣ್ಣವೆಲ್ಲ ತೊಳೆದುಹೋಯಿತು. ಉಷ್ಣ ಹೋಗಲಿಲ್ಲ. ನಿಜ ಹೇಳುತ್ತೇನೆ, ನಾನು ಕೇಳಿದ್ದಕ್ಕೆ ನೀನು ಛಾವಣಿಯ ಮಾತು ಯಾಕೆ ಎತ್ತಿದೆ ಎಂದು ನಾಲ್ಕು ದಿನ ತಲೆ ಕೆರೆದುಕೊಂಡೆ. ಅಷ್ಟು ಓದಿದವನು ಸುಮ್ಮನೆ ಹೇಳುತ್ತಾನೆಯೇ, ಮೇಲಿನ ಕಾವು ದೇಹದ ಒಳಗೆ ಇಳಿದು ಹೀಗೆಲ್ಲ ಮಾಡುತ್ತದೇನೋ ಎಂದುಕೊಂಡೆ.

ನಿನ್ನ ಮಾತ್ರೆಗಳು ಒಳ್ಳೆಯವು. ನುಂಗಿದ ಅರ್ಧ ಗಂಟೆಗೆ ಇಪ್ಪತ್ತಮೂರು ಸುತ್ತೂ ಸಲೀಸು. ಒಂದು ಹೊತ್ತೂ ತಪ್ಪಿಸಿಲ್ಲ. ಇನ್ನೂ ಹತ್ತು ಪಟ್ಟಿ ಕಳಿಸು. ನೀರಿಲ್ಲದೆ ನುಂಗುವುದನ್ನು ಕಲಿತಿದ್ದೇನೆ, ನಾಲಿಗೆಯ ಹಿಂದಕ್ಕಿಟ್ಟು ತಲೆ ಎತ್ತಿದರೆ ಆಯಿತು.

"ಆಸ್ಪತ್ರೆಗೆ ತೋರಿಸಿಕೊಳ್ಳಿ ಅಕ್ಕೋರೆ" ಎಂದು ರಾತ್ರಿ ಪಾಳಿಯ ಬದಲಿಯವನು ಗೋಗರೆಯುತ್ತಾನೆ. ಅಲ್ಲಿರುವವರು ಗಂಡಸು ಡಾಕ್ಟರು. "ಏನ್ ತೊಂದ್ರೆ?" ಎಂದರೆ ಅಷ್ಟು ಜನರ ಮುಂದೆ ಏನು ಹೇಳಲಿ? ಮನೆಯಲ್ಲೇ ಡಾಕ್ಟರು ಇರುವಾಗ ನನಗೇನು ಬಂದಿದೆ?

ಅಕ್ಕ


19 ಸೆಪ್ಟೆಂಬರ್ 1993

ಅಕ್ಕ,

ತಡವಾಯಿತು, ಹೊಟ್ಟೆಗೆ ಹಾಕಿಕೊ. ಬೆಳಗ್ಗೆ ಹೊರರೋಗಿಗಳು, ಮಧ್ಯಾಹ್ನ ವಾರ್ಡು, ಸಂಜೆ ಪಾಠ. ಉಸಿರಾಡಲೂ ಬಿಡುವಿಲ್ಲ. ಮಾತ್ರೆ ಇಪ್ಪತ್ತು ಪಟ್ಟಿ ಇಟ್ಟಿದ್ದೇನೆ.

ಒಂದು ಸಂಗತಿ ಹೇಳಬೇಕು. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಮೂರು ಸಲ ತಲೆನೋವೆಂದು ಬಂದಳು. ಪರೀಕ್ಷೆಯಲ್ಲಿ ಏನೂ ಇಲ್ಲ. ನಾಲ್ಕನೇ ಸಲ ನನಗೆ ಯಾಕೋ ಅನುಮಾನ ಬಂದು ನರ್ಸಿಗೆ, ಇವಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳು ಎಂದೆ. ನೋಡಿದರೆ ಆರು ತಿಂಗಳಿಂದ ಮೂತ್ರದ ಸೋಂಕು, ಹೇಳಲು ನಾಚಿಕೆ! ಏಳು ದಿನದ ಔಷಧಿಯಲ್ಲಿ ವಾಸಿಯಾಗುವ ಕಾಯಿಲೆ ಅಕ್ಕ ಇದು. ಬಿಟ್ಟರೆ ಮೇಲಕ್ಕೆ ಏರಿ ಮೂತ್ರಪಿಂಡವನ್ನೇ ತಿನ್ನುತ್ತದೆ. ನಮ್ಮ ಮುಖ್ಯ ವೈದ್ಯರು ನನ್ನ ಬೆನ್ನು ತಟ್ಟಿದರು.

ನಿನ್ನಂತೆ ಎಲ್ಲವನ್ನೂ ನೇರವಾಗಿ ಹೇಳಿಬಿಡುವ ಹೆಂಗಸರು ಎಷ್ಟು ಜನ ಇದ್ದಾರೆ? ಗೇಟಿನ ಕೆಳಗೆ ನುಸುಳುವ ಸೈಕಲ್ಲಿನವರಿಗೆ ನೀನು ಬೈಯುವುದನ್ನು ಈ ಹೆಂಗಸರಿಗೆ ಕೇಳಿಸಬೇಕು.

ಪೀಚು


20 ಡಿಸೆಂಬರ್ 1993

ಪೀಚು,

ಚಳಿ ಹಿಡಿದಿದೆ. ಬೆಳಗ್ಗೆ ಹಳಿ ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಉಷ್ಣ ಮಾತ್ರ ಬಿಟ್ಟಿಲ್ಲ.

ಹೋದ ತಿಂಗಳು ಜ್ವರ ಬಂದಿತ್ತು. ಹತ್ತೂ ನಲವತ್ತರ ಗೂಡ್ಸಿಗೆ ಗೇಟು ಇಳಿಸಿ ಬಾವುಟ ಹಿಡಿದು ನಿಂತಿದ್ದೆ, ಮೈಯೆಲ್ಲ ಗಡಗಡ ನಡುಗಲು ಶುರು. ಗಾರ್ಡು ದಾಟುತ್ತಾ, "ಬಾವುಟ ಸಾಕಮ್ಮಾ, ನೀವೂ ಯಾಕೆ ಅಲ್ಲಾಡ್ತೀರಿ?" ಎಂದು ಕೂಗಿದ. ನನಗೂ ನಗು ಬಂತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎರಡು ದಿನ ರಜೆ ಹಾಕಿದೆ. ಈಗ ಪರವಾಗಿಲ್ಲ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರುತ್ತದೆ, ಹೊತ್ತೇರಿದಂತೆ ಇಳಿಯುತ್ತದೆ. ವಯಸ್ಸಾಯಿತು ಬಿಡು.

ಕಚೇರಿಗೆ ಆರನೇ ಅರ್ಜಿ ಬರೆದೆ. ಬರೆಯಲು ಕೂತರೆ ಆ ಪದ ಕೈಗೆ ಬರುವುದಿಲ್ಲ, ಓದುವವರೆಲ್ಲ ಗಂಡಸರು. "ಮಹಿಳಾ ಸಿಬ್ಬಂದಿಗೆ ಕೂರಲು ಅವಶ್ಯ ಸೌಲಭ್ಯವಿಲ್ಲದೆ ತೊಂದರೆಯಾಗಿದೆ" ಎಂದು ಬರೆದೆ. ಈ ಸಲ ಉತ್ತರ ಬಂತು. ಕುರ್ಚಿ ಮಂಜೂರಾಗಿದೆಯಂತೆ.

ಕುರ್ಚಿ ಬಂದಿದೆ. ಕೈಯಿರುವ ಕುರ್ಚಿ. ಅದರಲ್ಲೇ ಕೂತು ಬರೆಯುತ್ತಿದ್ದೇನೆ.

ಅಕ್ಕ


11 ಫೆಬ್ರವರಿ 1994

ಅಕ್ಕ,

ಕುರ್ಚಿಗೆ ಅಭಿನಂದನೆ! ಅಂತೂ ಕಚೇರಿಯವರಿಗೆ ಕಣ್ಣು ಬಂತು. ಜ್ವರ ಬಂದರೆ ರಜೆ ಹಾಕಲು ಹಿಂದೆಮುಂದೆ ನೋಡಬೇಡ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಆಸ್ಪತ್ರೆಯವರು ಜನರಿಗೆ ಹಂಚಲು ಕರಪತ್ರ ಮಾಡುತ್ತಿದ್ದಾರೆ. ಆ ಹೊಲಿಗೆಯವಳ ಪ್ರಕರಣದಿಂದಾಗಿ ಮೂತ್ರನಾಳದ ಸೋಂಕಿನ ಬಗ್ಗೆ ನನಗೇ ಬರೆಯಲು ಹೇಳಿದರು. ನನ್ನ ಭಾಷೆ ಪುಸ್ತಕದ ಭಾಷೆ, ನಿನ್ನದು ಜನರ ಭಾಷೆ. ಕರಡು ಇಟ್ಟಿದ್ದೇನೆ, ಮುಲಾಜಿಲ್ಲದೆ ತಿದ್ದು. ಕೊನೆಯಲ್ಲಿ ಬರೆದವರ ಪರಿಚಯವೂ ಇದೆ:

"ಡಾಕ್ಟರು ಬಡ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಸ್ವಂತ ಪರಿಶ್ರಮದಿಂದ ಓದಿ ಮೇಲೆ ಬಂದವರು. ಒಳಗಿನ ಕಾಯಿಲೆಗಳ ತಜ್ಞರು. ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳುವುದು ಇವರ ವಿಶೇಷ."

ಸ್ವಲ್ಪ ಜಾಸ್ತಿಯಾಯಿತೇ?

ಪೀಚು


27 ಫೆಬ್ರವರಿ 1994

ಪೀಚು,

ತಿದ್ದು ಎಂದೆಯಲ್ಲ, ಕೆಂಪು ಪೆನ್ಸಿಲು ಹಿಡಿದು ಕುರ್ಚಿಯಲ್ಲಿ ಕೂತೆ. ಎರಡು ರೈಲಿನ ನಡುವೆ ಒಂದೊಂದು ಪ್ಯಾರಾ ಓದಿದೆ. ಮೂರು ದಿನ ಹಿಡಿಯಿತು.

"ಮೂತ್ರನಾಳದ ಸೋಂಕು" ಎಂದು ಇಷ್ಟು ದಪ್ಪಕ್ಷರದಲ್ಲಿ ತಲೆಬರಹ ಹಾಕಿದ್ದೀಯ. ಯಾವ ಹೆಂಗಸು ಇದನ್ನು ಕೈಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಕೂರುತ್ತಾಳೆ? ನಾವ್ಯಾರೂ ಹಾಗೆ ಅನ್ನುವುದಿಲ್ಲ. ಉಷ್ಣ ಎನ್ನುತ್ತೇವೆ. "ಉಷ್ಣ ಆಗಿದೆ" ಎಂದರೆ ಕೇಳುವ ಹೆಂಗಸಿಗೆ ಅರ್ಥವಾಗುತ್ತದೆ, ಪಕ್ಕದಲ್ಲಿ ನಿಂತ ಗಂಡಸಿಗೆ ಬಿಸಿಲಿನ ಮಾತು ಅನಿಸುತ್ತದೆ. ಆ ಪದ ಇರುವುದೇ ಅದಕ್ಕೆ.

"ಮೂತ್ರವನ್ನು ತಡೆಯಬೇಡಿ, ನೀರನ್ನು ಧಾರಾಳವಾಗಿ ಕುಡಿಯಿರಿ" ಎಂದು ಬರೆದಿದ್ದೀಯ. ಇದು ಯಾರಿಗೆ ಹೇಳಿದ್ದು? ಕುಡಿದರೆ ಹೋಗಬೇಕು, ಹೋಗಲು ಜಾಗ ಬೇಕು. ಜಾಗವಿಲ್ಲದವಳಿಗೆ ತಡೆಯಬೇಡ ಎಂದರೆ ಹಂಗಿಸಿದ ಹಾಗಾಗುತ್ತದೆ. ದಿನವಿಡೀ ಅಂಗಡಿಯಲ್ಲಿ ನಿಲ್ಲುವವಳು, ಹೊಲಿಯುವವಳು, ರಸ್ತೆ ಗುಡಿಸುವವಳು ಇವರೆಲ್ಲ ಶೋಕಿಗೆ ತಡೆಯುತ್ತಾರೆಯೇ? "ನಿಮಗೆ ಹೋಗಲು ಜಾಗ ಇದೆಯೇ" ಎಂದು ಮೊದಲು ಕೇಳು. ನೀರಿನ ಮಾತು ಆಮೇಲೆ.

"ಪಕ್ಕೆಯಲ್ಲಿ ನೋವು, ನಡುಕದ ಜ್ವರ, ಮುಖದಲ್ಲಿ ಊತ ಕಂಡರೆ ಕಾಯಿಲೆ ಮೂತ್ರಪಿಂಡಕ್ಕೆ ಏರಿದೆ, ತಡಮಾಡಬೇಡಿ" ಎಂಬ ಸಾಲಿದೆಯಲ್ಲ, ಅದನ್ನು ನಾಲ್ಕು ಸಲ ಓದಿದೆ. ಅದನ್ನು ತಿದ್ದಿಲ್ಲ. ಅದು ಸರಿಯಾಗಿದೆ.

ನಿನ್ನ ಪರಿಚಯದಲ್ಲಿ ಒಂದೇ ಒಂದು ಕಡೆ ಗೆರೆ ಎಳೆದಿದ್ದೇನೆ.

ಅಕ್ಕ


10 ಮಾರ್ಚ್ 1994

ಅಕ್ಕ,

ನೀನು ನನ್ನ ಅಕ್ಕ ಆಗಿದ್ದಕ್ಕೆ ನಾನು ಪುಣ್ಯ ಮಾಡಿರಬೇಕು. ನಿನ್ನ ತಿದ್ದುಪಡಿಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಮುಖ್ಯ ವೈದ್ಯರು ಮೇಜು ಕುಟ್ಟಿ, "ಇದು ಕಣ್ರೀ ಬರವಣಿಗೆ!" ಎಂದರು. ತಲೆಬರಹ ಈಗ "ಉಷ್ಣ ಆಗಿದೆಯೇ?" ಎಂದೇ. "ನಿಮಗೆ ಹೋಗಲು ಜಾಗ ಇದೆಯೇ?" ಎಂಬುದು ಮೊದಲ ಸಾಲು. ಐದು ಸಾವಿರ ಪ್ರತಿ ಅಚ್ಚಾಗುತ್ತಿದೆ.

"ಸ್ವಂತ ಪರಿಶ್ರಮ" ಎಂಬಲ್ಲಿ ನೀನು ಎಳೆದ ಗೆರೆ ನೋಡಿ ಕಣ್ಣು ತುಂಬಿ ಬಂತು. ನನ್ನ ಬಗ್ಗೆ ನಿನಗೆ ಇಷ್ಟು ಹೆಮ್ಮೆಯೇ? ಹಾಗೆಯೇ ಉಳಿಸಿಕೊಂಡಿದ್ದೇನೆ.

ಮಾತ್ರೆ ಇಪ್ಪತ್ತು ಪಟ್ಟಿ ಇದರ ಜೊತೆಗಿದೆ.

ಪೀಚು


2 ಏಪ್ರಿಲ್ 1994

ಅಕ್ಕ,

ಆ ಮಾತ್ರೆ ನಿಲ್ಲಿಸು. ತಂತಿಯನ್ನೂ ಕಳಿಸಿದ್ದೇನೆ. ತಂತಿ ತಪ್ಪಿದರೆ ಈ ಕಾಗದವಾದರೂ ಸಿಗಲಿ. ಒಂದೇ ಒಂದು ಮಾತ್ರೆಯನ್ನೂ ಇನ್ನು ನುಂಗಬೇಡ. ಅದು ಮೂತ್ರಪಿಂಡಕ್ಕೆ ಆಗದು.

ಇವತ್ತು ಬೆಳಗ್ಗೆ ಒಬ್ಬ ಮುದುಕಿ ಬಾಯಿ ಬಿಡದೆ ಬಂದು ಕೂತಳು. ಚೀಲದಿಂದ ಕರಪತ್ರ ತೆಗೆದು, ತಲೆಬರಹದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಉಷ್ಣ. ಆ ಬೆರಳನ್ನು ನೋಡುತ್ತಿದ್ದಂತೆ ಆ ಪದವನ್ನು ಈ ಒಂದು ವರ್ಷದಲ್ಲಿ ಬೇರೆಲ್ಲಿ ಓದಿದೆ ಎಂದು ನೆನಪಾಯಿತು. ಉಳಿದ ರೋಗಿಗಳನ್ನು ಬಿಟ್ಟು ಕೋಣೆಗೆ ಓಡಿದೆ.

ನಿನ್ನ ಕಾಗದಗಳೆಲ್ಲ ಮಂಚದ ಮೇಲೆ ಹರಡಿವೆ. ಏಪ್ರಿಲ್‌ನಲ್ಲಿ ಉಷ್ಣ, ಪಕ್ಕೆಯ ಕೆಳಗೆ ನೋವು, ಬೋರಲು ಹಾಕಿದ ಹೂಜಿ. ಜುಲೈಯಲ್ಲಿ ಉಷ್ಣ. ಡಿಸೆಂಬರಿನಲ್ಲಿ ಉಷ್ಣ, ನಡುಕದ ಜ್ವರ, ಊದಿದ ಕಣ್ಣು. ಡಿಸೆಂಬರಿನ ಚಳಿಯಲ್ಲಿ ತಗಡು ಹೇಗೆ ಕಾಯುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಪರೀಕ್ಷೆಯಲ್ಲಿ ಇದನ್ನು ಪ್ರಶ್ನೆಯಾಗಿ ಕೊಟ್ಟಿದ್ದರೆ ಅರ್ಧ ನಿಮಿಷದಲ್ಲಿ ಉತ್ತರ ಬರೆಯುತ್ತಿದ್ದೆ. ನೀನು ಬರೆದೆ, ನಾನು ಸುಣ್ಣ ಬಳಿಸಿದೆ.

ನಾಳೆಯೇ ಆಸ್ಪತ್ರೆಗೆ ಹೋಗು. ರಕ್ತ, ಮೂತ್ರ, ಸ್ಕ್ಯಾನು ಮೂರೂ ಆಗಬೇಕು. ಅಲ್ಲಿಯ ಡಾಕ್ಟರಿಗೆ ಎಲ್ಲ ಬಿಡಿಸಿ ಬರೆದ ಕಾಗದ ಜೊತೆಗಿಟ್ಟಿದ್ದೇನೆ, ನೀನು ಬಾಯಿ ಬಿಡಬೇಕಾಗಿಲ್ಲ. ಕೊಟ್ಟರೆ ಸಾಕು. ಅಕ್ಕ, ದಮ್ಮಯ್ಯ.

ಪೀಚು


29 ಏಪ್ರಿಲ್ 1994

ಪೀಚು,

ನಿನ್ನ ಮೂರು ಕಾಗದ, ಎರಡು ತಂತಿ ಎಲ್ಲವೂ ಬಂದಿವೆ. ಪರೀಕ್ಷೆಗಳೆಲ್ಲ ಮುಗಿಯಲಿ ಎಂದು ಕಾದೆ.

ಹೋಗಿದ್ದೆ. ಎರಡೂ ಕಡೆ ಕಲ್ಲು ತುಂಬಿಕೊಂಡಿದೆಯಂತೆ, ಕೋಡು ಬಿಟ್ಟಂಥ ಕಲ್ಲು. ಸೋಂಕು ವರ್ಷಗಳಿಂದ ಅಲ್ಲೇ ಗೂಡು ಕಟ್ಟಿತ್ತಂತೆ. ಎಡಗಡೆಯದು ಚಿಕ್ಕದಾಗಿ ಮುದುಡಿದೆ. ಬಲಗಡೆಯದೂ ಹೆಚ್ಚು ದಿನ ಎಳೆಯುವುದಿಲ್ಲವಂತೆ. ಕಾಗದ ಇಟ್ಟಿದ್ದೇನೆ, ಅಂಕಿಗಳು ನಿನಗೇ ಅರ್ಥವಾಗುವುದು. ಡಾಕ್ಟರು ಓದಿ ಕನ್ನಡಕ ತೆಗೆದು, "ಇಷ್ಟು ದಿನ ಯಾರಿಗೂ ಹೇಳ್ಲಿಲ್ವಾ ತಾಯಿ?" ಎಂದರು. "ಹೇಳಿದ್ದೆ" ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿನ್ನ ಕರಡು ಓದಿದ ದಿನವೇ ನನಗೆ ತಿಳಿದಿತ್ತು. ನೀನು ನನ್ನ ಮಾತನ್ನು ಬೇರೆ ತಿಳಿದಿದ್ದೀಯ ಎಂಬುದೂ ಆಗಲೇ ತಿಳಿಯಿತು. ಬಾಯಿಬಿಟ್ಟು ಬರೆಯಬಹುದಿತ್ತು. ಆದರೆ ಕೋಪ ಬಂದಿತ್ತು ಕಣೋ. ಇವನೇ ಕೇಳಲಿ, ಒಂದು ಸಲ ಕೇಳಲಿ ಎಂದು ಕಾದೆ. ಆ ಗೆರೆಯನ್ನೂ ಕೋಪದಲ್ಲೇ ಎಳೆದಿದ್ದೆ. ನೀನು ಹೆಮ್ಮೆ ಎಂದುಕೊಂಡೆ. ಅದನ್ನು ಓದಿ ನನಗೆ ಅಳು ಬಂತು. ಕೋಪ ನಿನ್ನೊಬ್ಬನ ಮೇಲೆ ಅಲ್ಲ, ನನ್ನ ಮೇಲೂ.

ಅಕ್ಕ


20 ಜೂನ್ 1994

ಅಕ್ಕ,

ನಿನ್ನಲ್ಲಿಂದ ಹೊರಟು ಬಂದು ಒಂದು ವಾರವಾಯಿತು. ಬರುವಾಗ ನನ್ನ ರೈಲು ನಿನ್ನ ಗೇಟನ್ನೇ ದಾಟಿತು. ಕಿಟಕಿಯಿಂದ ಕ್ಯಾಬಿನ್ನು ನೋಡಿದೆ. ನಾನು ಅಲ್ಲಿ ಎಷ್ಟು ವರ್ಷ ಓದಿದ್ದೇನೆ! ಒಂದು ದಿನವೂ ನೀನು ಎಲ್ಲಿಗೆ ಹೋಗುತ್ತೀಯ ಎಂದು ಯೋಚಿಸಿರಲಿಲ್ಲ. ನನಗೇನು, ಗಂಡುಹುಡುಗ, ಕ್ಯಾಬಿನ್ನಿನ ಹಿಂದೆ ಗೋಡೆ ಇತ್ತು.

ನನ್ನ ಮೂತ್ರಪಿಂಡ ಕೊಡುತ್ತೇನೆ ಎಂದದ್ದು ಬಾಯಿಮಾತಿಗಲ್ಲ. ಇಲ್ಲಿ ಎರಡು ಸಲ ಪರೀಕ್ಷೆ ಮಾಡಿಸಿದೆ. ರಕ್ತದ ಗುಂಪೇ ಹೊಂದುವುದಿಲ್ಲ. ಒಂದೇ ತಾಯಿಯ ಮಕ್ಕಳು, ಅದೂ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಯಂತ್ರದಲ್ಲಿ ರಕ್ತ ತೊಳೆಸುವುದನ್ನು ಒಂದು ಸಲವೂ ತಪ್ಪಿಸಬೇಡ. ಅನಾರೋಗ್ಯದ ಕಾರಣದ ನಿವೃತ್ತಿಯ ಕಾಗದ ಕೈಗೆ ಬಂದ ದಿನವೇ ಹೊರಟು ನನ್ನಲ್ಲಿಗೆ ಬಾ. ಕೋಣೆ ಸಿದ್ಧವಿದೆ.

ನಿನ್ನ ಕಚೇರಿಗೆ ಆಸ್ಪತ್ರೆಯ ಕಾಗದದಲ್ಲಿ ಬರೆದಿದ್ದೇನೆ. ಸೌಲಭ್ಯ ಗಿಲಭ್ಯ ಎನ್ನದೆ, "ಹದಿನೇಳನೇ ಗೇಟಿಗೆ ಶೌಚಾಲಯ ಬೇಕು, ಇಲ್ಲದೆ ನಿಮ್ಮ ಉದ್ಯೋಗಿಯ ಎರಡೂ ಮೂತ್ರಪಿಂಡ ಹೋಗಿವೆ" ಎಂದು ನೇರವಾಗಿ. ನನ್ನ ಸುಣ್ಣದ ವಿಷಯವನ್ನೂ, ಮಾತ್ರೆಯ ವಿಷಯವನ್ನೂ ಅಲ್ಲಿ ಬರೆಯಲಿಲ್ಲ. ಅದನ್ನು ಯಾವ ಕಚೇರಿಗೆ ಬರೆಯಬೇಕೋ ತಿಳಿಯದು.

ಕರಪತ್ರದ ಎರಡನೇ ಮುದ್ರಣಕ್ಕೆ ಪರಿಚಯ ಬದಲಿಸಿದ್ದೇನೆ: "ಈ ಡಾಕ್ಟರನ್ನು ಓದಿಸಿದ್ದು ಇವರ ಅಕ್ಕ, ರೈಲ್ವೆ ಗೇಟು ಕಾಯುವವರು. ಈ ಕರಪತ್ರವನ್ನು ತಿದ್ದಿದವರೂ ಅವರೇ." ತಾಳ್ಮೆಯಿಂದ ಕೇಳುವ ಸಾಲನ್ನು ತೆಗೆದಿದ್ದೇನೆ.

ಪೀಚು


8 ಅಕ್ಟೋಬರ್ 1994

ಪೀಚು,

ಹೊಸ ಕರಪತ್ರ ಬಂತು. "ಗೇಟು ಕಾಯುವವರು" ಎಂದು ಬಹುವಚನ ಹಾಕಿ ನನ್ನನ್ನು ದೊಡ್ಡ ಮನುಷ್ಯಳನ್ನಾಗಿ ಮಾಡಿದ್ದೀಯ. ಈ ಸಲ ಗೆರೆ ಎಳೆದಿಲ್ಲ.

ಯಂತ್ರಕ್ಕೆ ತಪ್ಪದೆ ಹೋಗುತ್ತಿದ್ದೇನೆ. ಈಗ ದಿನಕ್ಕೆ ಮೂರು ಲೋಟ ನೀರು, ಅಷ್ಟೇ. ಅದಕ್ಕಿಂತ ಹೆಚ್ಚಾದರೆ ಉಸಿರು ಕಟ್ಟುತ್ತದೆ. ಇಷ್ಟು ವರ್ಷ ಕುಡಿಯಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಈಗ ಡಾಕ್ಟರು ಹೇಳುತ್ತಾರೆ. ಆಗ ಬಾಯಾರಿಕೆ ಇಷ್ಟು ಇರಲಿಲ್ಲ.

ನಿನ್ನ ಕಾಗದಕ್ಕೆ ಕಚೇರಿಯವರು ಎದ್ದುಬಿದ್ದು ಓಡಿ ಬಂದರು. ಒಂಬತ್ತು ವರ್ಷದ ಆರು ಅರ್ಜಿಗೆ ಒಂದು ಕುರ್ಚಿ, ನಿನ್ನ ಒಂದು ಕಾಗದಕ್ಕೆ ಮೂರೇ ತಿಂಗಳಲ್ಲಿ ಗೋಡೆ, ಬಾಗಿಲು, ನಲ್ಲಿ ಎಲ್ಲ. ನಿನ್ನೆ ನನ್ನ ಕೊನೆಯ ಪಾಳಿ. ಮೇಲ್ವಿಚಾರಕರು ಬಂದು, "ನಿಮ್ಮಿಂದಾನೇ ಆಗಿದ್ದು, ನೀವೇ ಮೊದಲು ತೆರೀರಿ" ಎಂದು ಕೀಲಿ ನನ್ನ ಕೈಗೆ ಕೊಟ್ಟು ಆಚೆ ಹೋಗಿ ಬೆನ್ನು ತಿರುಗಿಸಿ ನಿಂತರು. ಪಾಪ, ಒಳ್ಳೆಯ ಮನುಷ್ಯ.

ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಹೊಸ ಸುಣ್ಣದ ವಾಸನೆ. ಮೇಲೆ ಒಂದು ಚಿಕ್ಕ ಕಿಂಡಿ, ಅದರಿಂದ ಯಾವ ಮನೆಯ ಕಿಟಕಿಯೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ಕೂತೆ. ಏನೂ ಬರಲಿಲ್ಲ. ಆಗಸ್ಟಿನಿಂದಲೇ ಅದು ನಿಂತುಹೋಗಿದೆ, ನಿನಗೆ ಬರೆದಿರಲಿಲ್ಲ. ಆದರೂ ನಲ್ಲಿ ತಿರುಗಿಸಿ ನೀರು ಬಿಟ್ಟೆ, ಹೊರಗಿರುವವರಿಗೆ ಸದ್ದು ಕೇಳಲಿ ಎಂದು.

ನನ್ನ ಜಾಗಕ್ಕೆ ಒಬ್ಬಳು ಬಂದಿದ್ದಾಳೆ. ಇಪ್ಪತ್ತರ ಆಸುಪಾಸು. ತಂದೆಯ ಕೆಲಸವೇ, ನನ್ನ ಹಾಗೆ. ಅವಳಿಗೆ ಬಾವುಟ ಕೊಟ್ಟೆ, ಕೀಲಿ ಕೊಟ್ಟೆ. ಬೋರಲು ಹಾಕಿದ್ದ ಹೂಜಿಯನ್ನು ತೊಳೆದು, ನೆಟ್ಟಗೆ ನಿಲ್ಲಿಸಿ, ಬಾಯಿಯವರೆಗೆ ತುಂಬಿಸಿ ಕಿಟಕಿಯ ಹತ್ತಿರ ಇಟ್ಟೆ. "ಕುಡಿ. ತಡೀಬೇಡ" ಎಂದೆ. ಅವಳಿಗೆ ಏನು ಅರ್ಥವಾಯಿತೋ, "ಆಯ್ತು ಅಕ್ಕ" ಎಂದು ನನ್ನ ಮುಂದೆಯೇ ಎರಡು ಲೋಟ ಗಟಗಟ ಕುಡಿದಳು.

ಅವಳು ಕುಡಿದು ಮುಗಿಸುವವರೆಗೂ ನೋಡುತ್ತಾ ನಿಂತಿದ್ದೆ.

ನಿನ್ನ ಅಕ್ಕ